ಲಕ್ವ ಹೊಡೆದವರ ಆರೈಕೆ: ಮನೆಯವರೊಂದಿಗೆ ನಾಲ್ಕು ಮಾತು

(ಒಳರೋಗಿಗಳ ಸಂಬಂಧಿಕರಿಗಾಗಿ ಶುಶ್ರೂಷಾ ಬೋಧಕಿಯವರು ಮಾಡಿದ ಭಾಷಣದ ಬರಹರೂಪ)



ರೋಗಿಯ ಮಗ್ಗುಲಿನಿಂದ ಎದ್ದು ಅರ್ಧ ತಾಸು ಇಲ್ಲಿ ಬಂದು ಕುಳಿತಿದ್ದೀರಿ. ಅವರ ಹತ್ತಿರ ಯಾರನ್ನಾದರೂ ಕೂಡಿಸಿ ಬಂದಿದ್ದೀರಿ ಎಂದು ತಿಳಿದುಕೊಂಡಿದ್ದೇನೆ. ನಾನು ವಾರ್ಡಿಗೆ ಬಂದಾಗಲೆಲ್ಲ ನೀವು ಕೇಳುವ ಪ್ರಶ್ನೆ ಒಂದೇ. "ಸಿಸ್ಟರ್, ನಮ್ಮ ಅಪ್ಪಾರು ಯಾವಾಗ ಎದ್ದು ಅಡ್ಡಾಡ್ತಾರ್ರೀ?" ಇಂಥ ದಿನವೇ ಎಂದು ಹೇಳಲು ಡಾಕ್ಟರರಿಗೂ ಬರುವುದಿಲ್ಲ, ನನಗೂ ಬರುವುದಿಲ್ಲ. ಆ ದಿನ ಬೇಗ ಬರಲು ಮನೆಯವರು ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಮಾತ್ರ ಹೇಳಬಲ್ಲೆ.

ಲಕ್ವ ಅಂದರೆ ಪಾರ್ಶ್ವವಾಯು. ಬಿದ್ದದ್ದು ಕೈಕಾಲು, ಆದರೆ ರೋಗ ಇರುವುದು ಮೆದುಳಿನಲ್ಲಿ. ಮೆದುಳಿಗೆ ಹೋಗುವ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡರೆ, ಇಲ್ಲವೆ ನಾಳವೇ ಒಡೆದರೆ, ಅಷ್ಟು ಭಾಗಕ್ಕೆ ರಕ್ತ ಸಿಗದೆ ಅದು ಸಾಯುತ್ತದೆ. ಎಡಮೆದುಳಿಗೆ ಪೆಟ್ಟಾದರೆ ಬಲಮೈ ಬೀಳುತ್ತದೆ, ಬಲಮೆದುಳಿಗೆ ಆದರೆ ಎಡಮೈ. ಇಷ್ಟು ತಿಳಿದರೆ ಪಾರಿವಾಳದ ರಕ್ತ ಹಚ್ಚಿ ತಿಕ್ಕುವುದರಿಂದ ಯಾಕೆ ಉಪಯೋಗವಿಲ್ಲ ಎಂಬುದೂ ತಿಳಿಯುತ್ತದೆ. ಚರ್ಮದ ಮೇಲೆ ಹಚ್ಚಿದ್ದು ತಲೆಯೊಳಗಿನ ನಾಳಕ್ಕೆ ಮುಟ್ಟುವುದಿಲ್ಲ. ಬಿಸಿ ಇಟ್ಟಿಗೆ, ಉಪ್ಪಿನ ಗಂಟು, ಬಿಸಿನೀರಿನ ಚೀಲದಿಂದ ಕಾಸುವುದಂತೂ ಬೇಡವೇ ಬೇಡ. ಬಿದ್ದ ಕೈಗೆ ಎಷ್ಟೋ ಸಲ ಸ್ಪರ್ಶವೇ ಗೊತ್ತಾಗುವುದಿಲ್ಲ. ಚರ್ಮ ಸುಟ್ಟು ಬೊಬ್ಬೆ ಎದ್ದರೂ ಅವರು "ಹಾ" ಎನ್ನುವುದಿಲ್ಲ.

ಸತ್ತ ಭಾಗ ಮತ್ತೆ ಜೀವ ಪಡೆಯುವುದಿಲ್ಲ. ಹಾಗಾದರೆ ಜನ ಸುಧಾರಿಸುವುದು ಹೇಗೆ? ಪಕ್ಕದ ಭಾಗಗಳು ಆ ಕೆಲಸವನ್ನು ನಿಧಾನವಾಗಿ ಕಲಿತುಕೊಳ್ಳುತ್ತವೆ. ಮಳೆಗೆ ರಸ್ತೆ ಕಿತ್ತುಹೋದಾಗ ಹೊಲದ ಬದುವಿನ ಮೇಲೆ ಕಾಲುದಾರಿ ಬೀಳುವುದಿಲ್ಲವೆ, ಹಾಗೆ. ಒಬ್ಬರು ಒಂದು ಸಲ ನಡೆದರೆ ಅಲ್ಲಿ ದಾರಿ ಬೀಳುವುದಿಲ್ಲ, ದಿನಾ ನೂರು ಸಲ ನಡೆಯಬೇಕು. ಫಿಜಿಯೋಥೆರಪಿಯವರು ಒಂದೇ ವ್ಯಾಯಾಮವನ್ನು ಮತ್ತೆ ಮತ್ತೆ ಮಾಡಿಸುವುದು ಇದಕ್ಕೇ. ಅವರು ಬಂದು ಹೋಗುವುದು ಅರ್ಧ ಗಂಟೆ, ಉಳಿದ ಹೊತ್ತು ನಿಮ್ಮದು.

ಸುಧಾರಣೆ ಮೊದಲ ಮೂರು ತಿಂಗಳಲ್ಲಿ ಹೆಚ್ಚು ವೇಗವಾಗಿ ಕಾಣುತ್ತದೆ. ಆಮೇಲೆ ವೇಗ ಇಳಿಯುತ್ತದೆ. ಆರು ತಿಂಗಳಾದ ಮೇಲೆ "ಇನ್ನು ಇಷ್ಟೇ" ಎಂದು ವ್ಯಾಯಾಮ ಬಿಡುವವರೇ ಬಹಳ. ಬಿಡಬೇಡಿ. ವರ್ಷದ ನಂತರವೂ ಅಂಗಿಯ ಗುಂಡಿ ಹಾಕಲು ಕಲಿತವರನ್ನು ನೋಡಿದ್ದೇನೆ. ಸಾಮಾನ್ಯವಾಗಿ ಕಾಲು ಮೊದಲು ಬರುತ್ತದೆ, ಕೈ ತಡ, ಬೆರಳು ಇನ್ನೂ ತಡ. ಇದು ನಿಮ್ಮ ರೋಗಿಗೆ ಮಾತ್ರ ಹೀಗಲ್ಲ.

ಈಗ ಹಾಸಿಗೆಯ ಹತ್ತಿರ ಬರೋಣ. ತಾನಾಗಿ ಹೊರಳಲಾರದವರನ್ನು ಹಗಲು ರಾತ್ರಿ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು. ಏರ್ ಬೆಡ್ ಹಾಕಿದ್ದೇವೆ, ಹೊರಳಿಸುವುದು ಬೇಕಿಲ್ಲ ಎಂದು ಕೆಲವರು ತಿಳಿಯುತ್ತಾರೆ. ಹಾಗಲ್ಲ, ಏರ್ ಬೆಡ್ ಇದ್ದರೂ ಹೊರಳಿಸಲೇಬೇಕು. ಹೊರಳಿಸಿದಾಗ ಬೆನ್ನಿನ ಕೆಳಭಾಗ, ಸೊಂಟದ ಎಲುಬು, ಹಿಮ್ಮಡಿ, ಮೊಣಕೈ, ಕಿವಿಯ ಹಿಂದೆ ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಿಚಿಕೊಳ್ಳದೆ ಕೆಂಪಾಗಿಯೇ ಉಳಿದರೆ ಹಾಸಿಗೆ ಹುಣ್ಣು ಶುರುವಾಗಿದೆ ಎಂದೇ ತಿಳಿಯಿರಿ. ಆ ಜಾಗವನ್ನು ತಿಕ್ಕಬೇಡಿ, ಅದರ ಮೇಲೆ ಭಾರ ಬೀಳದಂತೆ ಮಲಗಿಸಿ, ನಮಗೆ ತಿಳಿಸಿ. ಕಪ್ಪು ಬಣ್ಣದ ಚರ್ಮದಲ್ಲಿ ಕೆಂಪು ಸರಿಯಾಗಿ ಕಾಣುವುದಿಲ್ಲ. ಕೈಗೆ ಬಿಸಿಯಾಗಿ ಅಥವಾ ಗಟ್ಟಿಯಾಗಿ ಹತ್ತುತ್ತದೆಯೇ ಎಂದು ಮುಟ್ಟಿ ನೋಡಬೇಕು. ಮೂತ್ರದ ಚೀಲವನ್ನು ಸೊಂಟದ ಮಟ್ಟಕ್ಕಿಂತ ಕೆಳಗೆ ತೂಗುಹಾಕಿ, ಆದರೆ ನೆಲಕ್ಕೆ ತಾಗಿಸಬೇಡಿ.

ಹೆಗಲಿನ ವಿಷಯ ಸ್ವಲ್ಪ ಒತ್ತಿ ಹೇಳಬೇಕು, ಏಕೆಂದರೆ ಪ್ರೀತಿಯಿಂದಲೇ ಹೆಚ್ಚು ಕೆಡುವುದು ಇದು. ಎಬ್ಬಿಸಿ ಕೂಡಿಸುವಾಗ ಎಲ್ಲರೂ ಕೈ ಹಿಡಿದು ಎಳೆಯುತ್ತಾರೆ, ಇಲ್ಲವೆ ಕಂಕುಳಲ್ಲಿ ಕೈ ಹಾಕಿ ಎತ್ತುತ್ತಾರೆ. ಹೆಗಲಿನ ಕೀಲನ್ನು ಬಿಗಿಯಾಗಿ ಹಿಡಿದಿರುವುದು ಸ್ನಾಯುಗಳು. ಅವು ಸಡಿಲಾದ ಮೇಲೆ ತೋಳಿನ ಭಾರಕ್ಕೇ ಕೀಲು ಜಗ್ಗುತ್ತದೆ, ನೀವೂ ಎಳೆದರೆ ಜಾರುತ್ತದೆ. ಆ ನೋವು ತಿಂಗಳುಗಟ್ಟಲೆ ಉಳಿಯುತ್ತದೆ, ನೋವಿರುವ ಕೈಯಲ್ಲಿ ಅವರು ವ್ಯಾಯಾಮ ಮಾಡಿಸಿಕೊಳ್ಳುವುದಿಲ್ಲ, ಕೈ ಅಲ್ಲಿಗೇ ಬಿಗಿದುಹೋಗುತ್ತದೆ. ಅದಕ್ಕೆ ಬೆನ್ನಿನ ಹಿಂದೆ ಹೆಗಲ ರೆಕ್ಕೆಯ ಮೇಲೆ ಒಂದು ಕೈ, ಸೊಂಟಕ್ಕೆ ಒಂದು ಕೈ ಕೊಟ್ಟು ಎಬ್ಬಿಸಿ. ಕುಳಿತಾಗ ಬಿದ್ದ ಕೈ ಜೋತಾಡಬಾರದು, ತೊಡೆಯ ಮೇಲೆ ದಿಂಬಿಟ್ಟು ಅದರ ಮೇಲೆ ಇಡಿ. ನಡೆಸುವಾಗ ನೀವು ಬಿದ್ದ ಬದಿಯಲ್ಲಿ ನಿಲ್ಲಬೇಕು.

ಊಟದ ಹೊತ್ತಿಗೆ ಅವಸರ ಬೇಡ. ಈ ರೋಗದಲ್ಲಿ ನುಂಗುವ ಶಕ್ತಿಯೂ ಕುಗ್ಗಿರುತ್ತದೆ. ಡಾಕ್ಟರರು ಪರೀಕ್ಷಿಸಿ ಬಾಯಿಂದ ಕೊಡಿ ಎನ್ನುವವರೆಗೆ ಒಂದು ಗುಟುಕು ನೀರನ್ನೂ ಹಾಕಬೇಡಿ. ಮಲಗಿದಲ್ಲೇ ಹಾಕಿದ ನೀರು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಿ ಜೀವ ಹೋಗಬಹುದು. ಕೊಡಬಹುದು ಎಂದ ಮೇಲೂ ನೆಟ್ಟಗೆ ಕೂಡಿಸಿ, ಗದ್ದ ಸ್ವಲ್ಪ ಎದೆಯ ಕಡೆ ಬಾಗಿಸಿ, ಸಣ್ಣ ಚಮಚದಲ್ಲಿ ಕೊಡಿ. ಒಂದು ತುತ್ತು ನುಂಗಿದ್ದು ಖಾತ್ರಿಯಾದ ಮೇಲೆ ಇನ್ನೊಂದು. ತೆಳು ನೀರಿಗಿಂತ ಗಟ್ಟಿ ಗಂಜಿ ಎಷ್ಟೋ ಜನರಿಗೆ ಸುಲಭ. ಕೆಮ್ಮು ಬಂದರೆ, ದನಿ ನೀರು ತುಂಬಿದಂತೆ ಗೊರಗೊರ ಎಂದರೆ ನಿಲ್ಲಿಸಿ. ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಬಿದ್ದ ಬದಿಯ ಗಲ್ಲದಲ್ಲಿ ಅನ್ನ ಉಳಿದಿರುತ್ತದೆ, ಬಾಯಿ ಸ್ವಚ್ಛ ಮಾಡಿಸಿ.

ಎಡಮೈ ಬಿದ್ದ ಕೆಲವರು ತಾಟಿನ ಬಲಗಡೆಯ ರೊಟ್ಟಿ ತಿಂದು ಎಡಗಡೆಯ ಪಲ್ಯ ಹಾಗೇ ಬಿಟ್ಟಿರುತ್ತಾರೆ. ಹಟವಲ್ಲ ಅದು. ಎಡಗಡೆ ಎಂಬುದೇ ಅವರ ಮೆದುಳಿಗೆ ಮರೆತಿದೆ. ತಾಟು ತಿರುಗಿಸಿ ತೋರಿಸಿ. ಆಗಾಗ ಎಡಬದಿಯಲ್ಲಿ ಕುಳಿತು ಮಾತನಾಡಿಸಿ, ಕತ್ತು ಆ ಕಡೆ ಹೊರಳಲಿ.

ಬಲಮೈ ಬಿದ್ದವರಲ್ಲಿ ಬಹಳ ಜನಕ್ಕೆ ಮಾತು ಹೋಗುತ್ತದೆ, ಏಕೆಂದರೆ ಸಾಮಾನ್ಯವಾಗಿ ಮಾತಿನ ಜಾಗ ಎಡಮೆದುಳಿನಲ್ಲಿದೆ. 1861ರಲ್ಲಿ ಪ್ಯಾರಿಸ್ಸಿನ ಡಾಕ್ಟರ್ ಪಾಲ್ ಬ್ರೋಕಾ ಮಾತಿಗೆ ಮೆದುಳಿನಲ್ಲಿ ಒಂದು ಜಾಗವಿದೆ ಎಂದು ತೋರಿಸಿದ್ದು ಒಬ್ಬ ರೋಗಿಯಿಂದ. ಆ ಮನುಷ್ಯನಿಗೆ ಸುಮಾರು 20 ವರ್ಷ "ತಾನ್" ಎಂಬುದನ್ನು ಬಿಟ್ಟರೆ ಬೇರೆ ಮಾತು ಹೆಚ್ಚುಕಡಿಮೆ ಬರುತ್ತಲೇ ಇರಲಿಲ್ಲ, ಆದರೆ ಕೇಳಿದ್ದರಲ್ಲಿ ಹೆಚ್ಚಿನದು ತಿಳಿಯುತ್ತಿತ್ತು. ನಮ್ಮ ವಾರ್ಡಿನಲ್ಲೂ ಇಂಥವರಿದ್ದಾರೆ. ಅವರ ಎದುರಿಗೇ ಆಸ್ತಿಯ ಮಾತು, ಖರ್ಚಿನ ಲೆಕ್ಕ, "ಇನ್ನೆಷ್ಟು ದಿನವೋ" ಎಂಬ ಮಾತು ಆಡುವುದನ್ನು ಕೇಳಿದ್ದೇನೆ. ಅವರಿಗೆ ಬಾಯಿ ಇಲ್ಲ, ಕಿವಿ ಇದೆ. ಕಿವುಡರಿಗೆ ಹೇಳುವಂತೆ ಕೂಗಬೇಕಾಗಿಯೂ ಇಲ್ಲ. ಮುಖ ಕಾಣುವಂತೆ ಕುಳಿತು ಸಣ್ಣ ವಾಕ್ಯದಲ್ಲಿ ಕೇಳಿ, ಉತ್ತರಕ್ಕೆ ಕಾಯಿರಿ. ಹೌದು-ಇಲ್ಲ ಎಂದು ತಲೆಯಾಡಿಸುವಂಥ ಪ್ರಶ್ನೆ ಇರಲಿ. ಮಾತು ಬಾರದವರ ಬಾಯಲ್ಲಿ ಎಷ್ಟೋ ಸಲ ಹಳೆಯ ಹಾಡು, ವಾರದ ಹೆಸರು, ಎಣಿಕೆ ಬರುತ್ತವೆ. ಅಲ್ಲಿಂದ ಶುರು ಮಾಡಿ.

ಒಬ್ಬ ಹಿರಿಯರ ಎಡಮೈ ಬಿದ್ದಿತ್ತು. ಲಿಂಗಪೂಜೆ ಆಗದೆ ಊಟ ಮಾಡಿದವರಲ್ಲ. ಈಗ ಎಡ ಅಂಗೈ ಬಿಚ್ಚುತ್ತಿಲ್ಲ, ಲಿಂಗವನ್ನು ಹಿಡಿಯುವುದು ಹೇಗೆ? ಮೂರು ದಿನ ತುತ್ತಿಗೆ ಬಾಯಿ ತೆರೆಯಲಿಲ್ಲ. ಮನೆಯವರು ಹಟ ಎಂದರು, ನಾವು ನಳಿಕೆ ಹಾಕುವ ಮಾತಾಡುತ್ತಿದ್ದೆವು. ಕಾರಣ ತಿಳಿದುಕೊಂಡದ್ದು ಅವರ ಸೊಸೆ. ಮಾವನವರ ಬೆರಳುಗಳನ್ನು ಒಂದೊಂದಾಗಿ ಮೆಲ್ಲಗೆ ಬಿಡಿಸಿ, ಆ ಅಂಗೈಯ ಕೆಳಗೆ ತನ್ನ ಅಂಗೈ ಕೊಟ್ಟು ಹಿಡಿದಳು. ಅವರು ಪೂಜೆ ಮಾಡಿಕೊಂಡರು, ಗಂಜಿ ಕುಡಿದರು. ಆಮೇಲೆ ಫಿಜಿಯೋಥೆರಪಿಯವರು ದಿನಕ್ಕೆ ಎರಡು ಹೊತ್ತಿನ ಆ ಕೆಲಸವನ್ನೇ ಕೈಯ ವ್ಯಾಯಾಮಕ್ಕೆ ಸೇರಿಸಿದರು. ನಿಮ್ಮ ರೋಗಿಗೆ ಯಾವುದು ಬಿಟ್ಟಿರಲಾಗದ ಕೆಲಸ ಎಂಬುದು ನಮಗೆ ಗೊತ್ತಾಗುವುದಿಲ್ಲ, ನಿಮಗೆ ಗೊತ್ತು. ಬೆಳಗಿನ ಚಹಾ ಇರಬಹುದು, ಎತ್ತಿನ ಮೈ ಸವರುವುದಿರಬಹುದು, ನಮಗೆ ಹೇಳಿ.

ಇದ್ದಕ್ಕಿದ್ದಂತೆ ಅಳುವುದು, ಕಾರಣವಿಲ್ಲದೆ ನಗುವುದು ಮೆದುಳಿನ ಪೆಟ್ಟಿನಿಂದಲೇ ಆಗಬಹುದು. ಆದರೆ ವಾರಗಟ್ಟಲೆ ಮಂಕಾಗಿ, ನಿದ್ದೆ ಊಟ ಬಿಟ್ಟು, "ನಾ ಯಾಕ ಉಳದೆ" ಎನ್ನುತ್ತಿದ್ದರೆ ಅದು ಖಿನ್ನತೆ. ಈ ರೋಗ ಬಂದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಬರುತ್ತದೆ. ಧೈರ್ಯ ಹೇಳಿದರೆ ಸಾಲದು, ಅದಕ್ಕೆ ಔಷಧವಿದೆ.

ಇನ್ನು ಆರೈಕೆ ಮಾಡುವವರ ಬಗ್ಗೆ. ನಾನು ನೋಡಿದಂತೆ ಈ ಭಾರವೆಲ್ಲ ಬೀಳುವುದು ಒಬ್ಬ ಹೆಣ್ಣುಮಗಳ ಮೇಲೆ. ಹೆಂಡತಿ, ಸೊಸೆ, ಇಲ್ಲವೆ ಮಗಳು. ಗಂಡಸರು ಸಂಜೆ ಬಾಗಿಲಲ್ಲಿ ನಿಂತು "ಹೆಂಗದಾರ?" ಎಂದು ಕೇಳಿ ಹೋಗುತ್ತಾರೆ. ಸಿಟ್ಟು ಬಂದರೂ ಚಿಂತೆಯಿಲ್ಲ, ಹೇಳುತ್ತೇನೆ: ರಾತ್ರಿ ಎರಡು ಗಂಟೆಯ ಮಗ್ಗುಲು ಬದಲಿಸುವ ಸರದಿ ಮಗನದಾಗಲಿ. ಭಾರ ಎತ್ತಲು ಅವನ ಬೆನ್ನೇ ಗಟ್ಟಿ. ತಾಯಂದಿರೇ, ನಿಮ್ಮ ಬಿಪಿಯನ್ನೂ ಇಲ್ಲೇ ನೋಡಿಸಿಕೊಳ್ಳಿ. ದಾಸೋಹದ ಗಂಟೆಯಾದಾಗ ಹೋಗಿ ಊಟ ಮಾಡಿ ಬನ್ನಿ, ಅಷ್ಟು ಹೊತ್ತು ಪಕ್ಕದ ಹಾಸಿಗೆಯವರು ನೋಡಿಕೊಳ್ಳುತ್ತಾರೆ.

ಮನೆಗೆ ಹೋದ ಮೇಲೆ ಮಾತ್ರೆ ಬಿಡಬೇಡಿ. ಬಿಪಿ ನಾರ್ಮಲ್ ಬಂದಿದೆ ಎಂದು ಬಿಟ್ಟು ಎರಡನೇ ಸಲ ಲಕ್ವ ಹೊಡೆಸಿಕೊಂಡು ಬರುವವರಿದ್ದಾರೆ. ನಾರ್ಮಲ್ ಬಂದದ್ದು ಮಾತ್ರೆಯಿಂದಲೇ. ಉಪ್ಪು, ಉಪ್ಪಿನಕಾಯಿ ಕಡಿಮೆ ಮಾಡಿ. ಬೀಡಿ, ತಂಬಾಕು, ಗುಟ್ಕಾ ಪೂರ್ತಿ ನಿಲ್ಲಲಿ. ಮುಖ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಅದು ಶುರುವಾದ ಹೊತ್ತನ್ನು ಗಡಿಯಾರ ನೋಡಿ ನೆನಪಿಟ್ಟು ಕೂಡಲೇ 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ತಾಸಿನೊಳಗೆ ಬಿದ್ದರೆ ಮಾತ್ರ ಉಪಯೋಗ, ಅದಕ್ಕೂ ಮೊದಲು ತಲೆಯ ಸ್ಕ್ಯಾನ್ ಆಗಬೇಕು.

ಸುಧಾರಣೆ ನಿಂತಮೇಲೂ ಅಂಗವಿಕಲತೆ 40 ಪ್ರತಿಶತಕ್ಕಿಂತ ಕಡಿಮೆ ಇಲ್ಲದಿದ್ದರೆ 2016ರ ಕಾಯ್ದೆಯಂತೆ ಸೌಲಭ್ಯಗಳಿಗೆ ಅರ್ಜಿ ಹಾಕಬಹುದು. ಅದಕ್ಕೆ ಯುಡಿಐಡಿ ಕಾರ್ಡ್ ಬೇಕು. ಡಿಸ್ಚಾರ್ಜ್ ಕಾಗದ, ಸ್ಕ್ಯಾನ್ ವರದಿ ಜೋಪಾನವಾಗಿಡಿ.

ಡಿಸ್ಚಾರ್ಜ್ ಆಗುವ ಹಿಂದಿನ ದಿನ ನನ್ನನ್ನು ಕರೆಯಿರಿ. ಹೊರಳಿಸುವುದು, ಕೂಡಿಸುವುದು, ಉಣಿಸುವುದು ಈ ಮೂರನ್ನೂ ನನ್ನೆದುರಿಗೆ ನೀವೇ ಒಮ್ಮೆ ಮಾಡಿ ತೋರಿಸಬೇಕು. ಮನೆಯಲ್ಲಿ ಯಾರು ನೋಡಿಕೊಳ್ಳುತ್ತಾರೋ ಅವರೇ ಬರಲಿ. ಸರದಿಯ ಮಗನೂ ಬರಲಿ.