ಮನೋರಾ: ಎರಡು ನೌಕಾಪಡೆಗಳ ಒಂದೇ ಪಾಠಶಾಲೆ

ಕರಾಚಿ ಎಂದರೆ ಇಂದು ನಮಗೆ ಪರದೇಶದ ಊರು. ಆದರೆ 1936ರಲ್ಲಿ ಸಿಂಧ್ ಬೇರೆಯಾಗುವವರೆಗೆ ನಮ್ಮ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳೂ ಆ ಕರಾಚಿಯೂ ಒಂದೇ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ಆ ಕರಾಚಿ ಬಂದರಿನ ಹೆಬ್ಬಾಗಿಲಲ್ಲಿರುವ ಮನೋರಾ ಎಂಬ ಪುಟ್ಟ ದ್ವೀಪದ ಕಥೆಯನ್ನು ಇವತ್ತು ನಿಮ್ಮ ಮುಂದಿಡುತ್ತೇನೆ. ನಿಜ ಹೇಳಬೇಕೆಂದರೆ ಉದ್ದನೆಯ ಮರಳದಿಣ್ಣೆಯೊಂದು ಅದನ್ನು ನೆಲಕ್ಕೆ ಜೋಡಿಸಿದೆ. ಆದರೂ ಜನ ಅದನ್ನು ದ್ವೀಪವೆಂದೇ ಕರೆಯುತ್ತಾರೆ.

ಕರಾಚಿ ಬೇಕಾದವರು ಮೊದಲು ಮನೋರಾವನ್ನು ಹಿಡಿಯಬೇಕು. ಸಿಂಧಿನ ತಾಲ್ಪುರ ಅರಸರು ಇಲ್ಲಿ ಕೋಟೆ ಕಟ್ಟಿದ್ದರು. 1839ರ ಫೆಬ್ರುವರಿಯಲ್ಲಿ ಬ್ರಿಟಿಷರ ‘ವೆಲ್ಲೆಸ್ಲಿ’ ಯುದ್ಧನೌಕೆ ಗುಂಡಿನ ಮಳೆಗರೆದು ಆ ಕೋಟೆಯನ್ನು ವಶಪಡಿಸಿಕೊಂಡಿತು. ಮುಂಬಯಿಯಲ್ಲಿರುವ ಶ್ರೋತೃಗಳು ಗಮನಿಸಬೇಕು, ಆ ಹಡಗು 1815ರಲ್ಲಿ ನಿಮ್ಮೂರಿನ ಹಡಗುಕಟ್ಟೆಯಲ್ಲೇ ತಯಾರಾದದ್ದು!

ಎರಡನೆಯ ಮಹಾಯುದ್ಧ ಬಂದಾಗ ನೌಕಾಪಡೆಗೆ ಸಾವಿರಾರು ಹೊಸಬರು ಬೇಕಾದರು. ಆಗ ಮನೋರಾ ಒಂದು ದೊಡ್ಡ ಪಾಠಶಾಲೆಯೇ ಆಯಿತು. ಫಿರಂಗಿ ವಿದ್ಯೆಗೆ ‘ಹಿಮಾಲಯ’, ಹುಡುಗರ ತರಬೇತಿಗೆ ‘ಬಹಾದುರ್’, ರಾಡಾರ್ ಕಲಿಕೆಗೆ ‘ಚಮಕ್’. ಹಿಂದೂ, ಮುಸ್ಲಿಂ, ಸಿಖ್, ಕ್ರೈಸ್ತ ಹುಡುಗರು ಒಂದೇ ಅಂಗಳದಲ್ಲಿ ಕವಾಯತು ಮಾಡಿದರು.

1946ರ ಫೆಬ್ರುವರಿ 18ರಂದು ಮುಂಬಯಿಯ ‘ತಲ್ವಾರ್’ ನೌಕಾ ಶಾಲೆಯಲ್ಲಿ ನಾವಿಕರು ಮುಷ್ಕರ ಹೂಡಿದರು. ಕೆಟ್ಟ ಊಟ ಮತ್ತು ಬಿಳಿಯ ಅಧಿಕಾರಿಗಳ ಬೈಗುಳ ಅವರನ್ನು ಕೆರಳಿಸಿದ್ದವು. ಕಿಡಿ ಕರಾಚಿಗೂ ಹಾರಿತು. ‘ಹಿಂದುಸ್ತಾನ್’ ಹಡಗಿನವರೊಂದಿಗೆ ಮನೋರಾದ ತರಬೇತಿ ಶಾಲೆಗಳ ಹುಡುಗರೂ ಸೇರಿದರು. ಫೆಬ್ರುವರಿ 22ರಂದು ಸೇನೆಯ ಫಿರಂಗಿಗಳು ಹಡಗಿನ ಮೇಲೆ ಗುಂಡು ಹಾರಿಸಿದವು. ನಾವಿಕರು ಸತ್ತರು, ಹಡಗು ಶರಣಾಯಿತು. ಬಂಡೆದ್ದವರಲ್ಲಿ ಯಾರು ಯಾವ ಧರ್ಮದವರೆಂದು ಅಂದು ಯಾರೂ ಕೇಳಿರಲಿಲ್ಲ.

ಒಂದೂವರೆ ವರ್ಷದಲ್ಲಿ ಅದೇ ನಾವಿಕರನ್ನು ಕೇಳಲಾಯಿತು: ನೀವು ಯಾವ ದೇಶಕ್ಕೆ ಹೋಗುತ್ತೀರಿ?

ಹಡಗುಗಳೂ ಪಾಲಾದವು. ಆರು ‘ಸ್ಲೂಪ್’ ಯುದ್ಧನೌಕೆಗಳಲ್ಲಿ ಕಾವೇರಿ, ಕೃಷ್ಣಾ, ಸಟ್ಲೆಜ್, ಯಮುನಾ ಹೆಸರಿನವು ನಮಗೆ ಉಳಿದವು. ಗೋದಾವರಿ ಮತ್ತು ನರ್ಮದಾ ಪಾಕಿಸ್ತಾನಕ್ಕೆ ಹೋದವು! ಅವುಗಳಿಗೆ ಆ ದೇಶ ಬೇರೆ ಹೆಸರಿಟ್ಟಿತು. ಆದರೆ ಹಡಗನ್ನು ಹಂಚುವಂತೆ ಶಾಲೆಯನ್ನು ಹಂಚಲಾಗುವುದಿಲ್ಲ. ಮನೋರಾದ ಶಾಲೆಗಳು ಅಲ್ಲೇ ಉಳಿದವು. ಭಾರತ ಫಿರಂಗಿ ಶಾಲೆಯನ್ನು ಕೊಚ್ಚಿಯಲ್ಲಿ, ಹುಡುಗರ ಶಾಲೆಯನ್ನು ವಿಶಾಖಪಟ್ಟಣದಲ್ಲಿ ಹೊಸದಾಗಿ ಕಟ್ಟಬೇಕಾಯಿತು.

ಇನ್ನೊಬ್ಬರ ವಿಷಯ ಹೇಳದಿದ್ದರೆ ಈ ಕಥೆ ಅಪೂರ್ಣ. ಸರ್ದಾರಿಲಾಲ್ ಮಥ್ರಾದಾಸ್ ನಂದಾ ಅವರ ಬಾಲ್ಯ ಕಳೆದದ್ದು ಮನೋರಾದಲ್ಲಿ. ಯುದ್ಧಕಾಲದಲ್ಲಿ ನೌಕಾಪಡೆ ಸೇರಿದ ಅವರು 1957ರಲ್ಲಿ ನಮ್ಮ ನಾಡಿನ ಹೆಸರು ಹೊತ್ತ ‘ಮೈಸೂರು’ ಯುದ್ಧನೌಕೆಯ ಮೊದಲ ಭಾರತೀಯ ಕಪ್ತಾನರಾದರು. 1970ರಲ್ಲಿ ನೌಕಾಪಡೆಯ ಮುಖ್ಯಸ್ಥರಾದರು. ಮರುವರ್ಷ ಡಿಸೆಂಬರ್ 4ರ ರಾತ್ರಿ ಭಾರತದ ಕ್ಷಿಪಣಿ ದೋಣಿಗಳು ಕರಾಚಿಯ ಮೇಲೆ ಎರಗಿದವು. ‘ಖೈಬರ್’ ಮತ್ತು ‘ಮುಹಾಫಿಜ್’ ಎಂಬ ಹಡಗುಗಳು ಮುಳುಗಿದವು. 8ರ ರಾತ್ರಿ ಮತ್ತೊಂದು ದಾಳಿ ನಡೆದು, ಮನೋರಾದ ಎದುರಿನ ಕೆಮಾರಿಯ ತೈಲ ಟ್ಯಾಂಕುಗಳು ಹೊತ್ತಿ ಉರಿದವು. ತಾನು ಆಡಿ ಬೆಳೆದ ಬಂದರಿನ ಮೇಲೆ ದಾಳಿ ನಡೆಸುವ ಹೊಣೆ ಆ ಮನುಷ್ಯನ ಪಾಲಿಗೆ ಬಂದಿತ್ತು. ಅವರ ಆತ್ಮಕಥೆಯ ಹೆಸರಿಗೆ ‘ಕರಾಚಿಯ ಮೇಲೆ ಬಾಂಬು ಹಾಕಿದವನು’ ಎಂದೇ ಅರ್ಥ.

ಡಿಸೆಂಬರ್ 4ನ್ನು ನಾವು ಪ್ರತಿ ವರ್ಷ ನೌಕಾಪಡೆ ದಿನವೆಂದು ಆಚರಿಸುತ್ತೇವೆ. ನಮ್ಮವರ ಸಾಹಸಕ್ಕೆ ಆ ಗೌರವ ಸಲ್ಲಲೇಬೇಕು. ಅದರ ಜೊತೆಗೆ ಫೆಬ್ರುವರಿ 22ನ್ನೂ ನೆನೆಯೋಣ ಎಂಬುದು ನನ್ನ ವಿನಂತಿ. ಅಂದು ಕರಾಚಿಯಲ್ಲಿ ಗುಂಡಿಗೆ ಬಿದ್ದ ಹುಡುಗರಿಗೆ ಎರಡೂ ದೇಶಗಳು ಋಣಿ.

ಮನೋರಾದಲ್ಲಿ ವರುಣದೇವನ ಗುಡಿ ಇಂದಿಗೂ ಸಮುದ್ರಕ್ಕೆ ಮುಖ ಮಾಡಿ ನಿಂತಿದೆ. ‘ಹಿಮಾಲಯ’ ಎಂಬ ಅದೇ ಹೆಸರಿನ ಶಿಬಿರದಲ್ಲಿ ಪಾಕಿಸ್ತಾನದ ಹೊಸ ನಾವಿಕರು ಕವಾಯತು ಕಲಿಯುತ್ತಿದ್ದಾರೆ.