ಹಾಡಿಯ ಹಾಡಿಗೆ ವಾದ್ಯವೃಂದ

ಮೈಸೂರಿನಿಂದ ಗೋಣಿಕೊಪ್ಪಲಿಗೆ ಹೋಗುವ ದಾರಿಯಲ್ಲಿ, ಕಾಡು ಮುಗಿದು ಕಾಫಿಯ ತೋಟ ತೊಡಗುವ ಎಡೆಯಲ್ಲಿ, ತಿತಿಮತಿ ಎಂಬ ಊರಿದೆ. ಅದರ ಸುತ್ತಮುತ್ತ ಜೇನುಕುರುಬರೂ ಯರವರೂ ವಾಸಿಸುತ್ತಾರೆ. ಅವರ ವಸತಿಗೆ ‘ಹಾಡಿ’ ಎಂದು ಹೆಸರು. ಹಾಡಿ, ಹಾಡು ಎಂಬ ಶಬ್ದಗಳ ಮೂಲ ಏನೇ ಇರಲಿ, ಬಾಳಿನಲ್ಲಿ ಅವೆರಡನ್ನೂ ಬೇರ್ಪಡಿಸಲಾಗದು.

ಯರವರ ನುಡಿ ಮಲೆಯಾಳಕ್ಕೆ ಹತ್ತಿರವಾದುದು. ವಯನಾಡಿನ ನಂಟನ್ನು ಅದು ಇಂದಿಗೂ ಸಾರುತ್ತದೆ. ಇತ್ತ ನಾಗರಹೊಳೆಯ ಕಾಡಿನಲ್ಲಿದ್ದ ಹಲವು ಕುಟುಂಬಗಳು 1990ರ ದಶಕದ ಕೊನೆಯಿಂದೀಚೆಗೆ ಹುಣಸೂರು ತಾಲ್ಲೂಕಿನ ನಾಗಾಪುರಕ್ಕೆ ಹೋಗಿ ನೆಲಸಬೇಕಾಯಿತು. ಹೀಗೆ ಎಡೆ ಬಿಟ್ಟವರು ಕಾಡನ್ನು ಹೊತ್ತೊಯ್ಯಲಾರರು. ಹಾಡನ್ನು ಮಾತ್ರ ಒಯ್ಯಬಲ್ಲರು.

ಇಂತಹ ಹಾಡುಗಳನ್ನು ವಾದ್ಯವೃಂದಕ್ಕೆ ಅಳವಡಿಸಬಹುದೆ? ಮೇಲ್ಪಂಕ್ತಿ ಇಲ್ಲದಿಲ್ಲ. 1952ರಲ್ಲಿ ದೆಹಲಿಯಲ್ಲಿ ಆರಂಭವಾದ ಆಕಾಶವಾಣಿ ವಾದ್ಯವೃಂದವು ಪಂಡಿತ ರವಿಶಂಕರ್ ಮತ್ತು ಟಿ. ಕೆ. ಜಯರಾಮ ಅಯ್ಯರ್ ಅವರ ನೇತೃತ್ವದಲ್ಲಿ ರಾಗಗಳ ಜೊತೆಗೆ ಜಾನಪದ ಧಾಟಿಗಳನ್ನೂ ನುಡಿಸಿತು. ಹಂಗೇರಿಯ ಬೇಲಾ ಬಾರ್ಟೋಕ್ ಹಳ್ಳಿಹಳ್ಳಿ ಅಲೆದು, ರೈತರ ಹಾಡನ್ನು ಫೋನೋಗ್ರಾಫಿನಲ್ಲಿ ಹಿಡಿದಿಟ್ಟನು. ರುಮಾನಿಯದ ಜಾನಪದ ಕುಣಿತಗಳನ್ನು 1915ರಲ್ಲಿ ಪಿಯಾನೋಕ್ಕೂ 1917ರಲ್ಲಿ ಆರ್ಕೆಸ್ಟ್ರಾಕ್ಕೂ ಹೊಂದಿಸಿದನು. ಮೊದಲು ಕೇಳುವುದು, ಆಮೇಲೆ ಬರೆಯುವುದು: ಇದೇ ಅವನ ಕ್ರಮ.

ಕಷ್ಟವಿರುವುದು ಇಲ್ಲಿಯೇ. ವೃಂದದಲ್ಲಿ ಹತ್ತಾರು ಪಿಟೀಲುಗಳು ಒಂದೇ ಶ್ರುತಿಗೆ, ಒಂದೇ ತಾಳಕ್ಕೆ ಬದ್ಧ. ಹಾಡಿಯ ಹಾಡಿಗೆ ಉಸಿರೇ ತಾಳ. ಸಾಲು ಉಸಿರಿನಷ್ಟು ಉದ್ದ. ಅದನ್ನು ಎಂಟು ಮಾತ್ರೆಗೆ ಕತ್ತರಿಸಿದರೆ ಸ್ವರ ಉಳಿದೀತು, ನಡೆ ಉಳಿಯದು.

ಇನ್ನೂ ಗಂಭೀರವಾದ ಮಾತೊಂದಿದೆ. ತಿತಿಮತಿಗೆ ಸಮೀಪದ ದೇವರಪುರದಲ್ಲಿ ಮೇ ತಿಂಗಳಲ್ಲಿ ಕುಂಡೆ ಹಬ್ಬ ನಡೆಯುತ್ತದೆ. ಗಂಡಸರು ಹೆಣ್ಣು ವೇಷ ತೊಟ್ಟು, ಒಣ ಬುರುಡೆ, ಖಾಲಿ ಡಬ್ಬಗಳನ್ನು ಬಡಿಯುತ್ತಾ, ದೇವರನ್ನೂ ದಾರಿಹೋಕರನ್ನೂ ಬೈದು ಹಾಡುತ್ತಾರೆ. ತಮ್ಮನ್ನು ಕೈಬಿಟ್ಟ ಅಯ್ಯಪ್ಪನ ಮೇಲಿನ ಮುನಿಸೇ ಅದರ ಮೂಲ ಎಂಬುದು ಐತಿಹ್ಯ. ನಮ್ಮ ಕಾವ್ಯದಲ್ಲಿ ಇದನ್ನು ನಿಂದಾಸ್ತುತಿ ಎನ್ನುತ್ತೇವೆ. ಸಭೆಗೆ ತಕ್ಕುದಲ್ಲವೆಂದು ಬೈಗುಳನ್ನು ಕಳೆದು, ಡಬ್ಬದ ಬದಲು ಜಲತರಂಗವನ್ನಿಟ್ಟರೆ ಕಿವಿಗೆ ಇಂಪಾದೀತು. ಆದರೆ ದೇವರೊಡನೆ ಜಗಳವಾಡುವ ಸಲಿಗೆ ಎಲ್ಲಿ? ಎಡೆ ಕಳೆದುಕೊಂಡವರ ದೂರನ್ನು ನಾವೇ ಅಳಿಸಿದಂತಾಗುವುದಲ್ಲವೆ?

ಆದುದರಿಂದ ವಾದ್ಯವೃಂದ ಬೇಡವೆನ್ನುವುದಿಲ್ಲ. ಮೊದಲು ಹಾಡನ್ನು ಇದ್ದಂತೆಯೇ, ಪೂರ್ತಿಯಾಗಿ ಧ್ವನಿಮುದ್ರಿಸಬೇಕು. ಹಾಡಿದವರು ವೇದಿಕೆಯ ಮುಂದೆ ಕೂರಬೇಕು, ಪಿಟೀಲು ಅವರ ಉಸಿರಿಗೆ ಕಾಯಬೇಕು. ಹಾಡಿಯ ಹೆಸರನ್ನು ಘೋಷಿಸಬೇಕು, ಸಂಭಾವನೆ ಹಾಡಿಗೂ ಸಲ್ಲಬೇಕು. ಕೇಳುವ ನಿಮ್ಮದೂ ಒಂದು ಹೊಣೆಯುಂಟು. ರೇಡಿಯೋದಲ್ಲಿ ‘ಜಾನಪದ ಧಾಟಿ’ ಎಂಬ ಮಾತು ಕೇಳಿದಾಗ ಯಾವ ಜನಪದ, ಯಾವ ಊರು ಎಂದು ವಿಚಾರಿಸಿರಿ; ನಿಲಯಕ್ಕೆ ಒಂದು ಕಾಗದ ಬರೆಯಿರಿ. ಹಾಡಿಗೂ ತನ್ನ ವಿಳಾಸವಿರಬೇಕಷ್ಟೆ.