ಐಯೋ: ಎಳೆದಾಟದಲ್ಲಿ ಹುಟ್ಟಿದ ಬೆಂಕಿ

ಇವತ್ತು ನಾನು ಮಾತಾಡ್ತಿರೋದು ಗುರು ಗ್ರಹದ ಚಂದ್ರ ಐಯೋ ಬಗ್ಗೆ. ಗಾತ್ರದಲ್ಲಿ ಇದು ನಮ್ಮ ಚಂದ್ರನಿಗಿಂತ ಸ್ವಲ್ಪವೇ ದೊಡ್ಡದು. ಹಾಗಿದ್ರೆ ಯಾವತ್ತೋ ತಣ್ಣಗಾಗಿ ಸುಮ್ಮನಾಗಿರಬೇಕಲ್ವಾ? ನಾನೂ ಹಾಗೇ ಅಂದ್ಕೊಂಡಿದ್ದೆ.

1979ರ ಮಾರ್ಚ್ 5ರಂದು ನಾಸಾದ ವಾಯೇಜರ್ 1 ನೌಕೆ ಐಯೋ ಪಕ್ಕ ಹಾದುಹೋಯ್ತು. ಮೂರು ದಿನ ಬಿಟ್ಟು ಅದು ತೆಗೆದ ಒಂದು ಫೋಟೊವನ್ನು ಲಿಂಡಾ ಮೊರಾಬಿಟೊ ಅನ್ನೋ ಎಂಜಿನಿಯರ್ ನೋಡ್ತಿದ್ರು. ನೌಕೆಯ ದಾರಿ ಲೆಕ್ಕ ಹಾಕೋದು ಅವರ ಕೆಲಸ. ಅದಕ್ಕಾಗಿ ಹುಡುಕ್ತಿದ್ದದ್ದು ಹಿಂದಿನ ನಕ್ಷತ್ರಗಳನ್ನ. ಚಿತ್ರದ ಬೆಳಕು ಹೆಚ್ಚಿಸಿದಾಗ ಐಯೋ ಅಂಚಿನಲ್ಲಿ ಕೊಡೆಯಂಥ ಮೋಡ ಕಾಣಿಸ್ತು. ಎತ್ತರ 250 ಕಿ.ಮೀ.ಗೂ ಹೆಚ್ಚು! ಭೂಮಿಯ ಹೊರಗೆ ಜೀವಂತ ಜ್ವಾಲಾಮುಖಿ ಸಿಕ್ಕಿದ್ದು ಅದೇ ಮೊದಲು.

ಬೆಂಕಿ ಎಲ್ಲಿಂದ ಬಂತು? ಒಂದು ತಂತಿಯನ್ನ ಬೇಗಬೇಗ ಹಿಂದೆಮುಂದೆ ಬಗ್ಗಿಸಿ ನೋಡಿ, ಬಗ್ಗಿದ ಜಾಗ ಬಿಸಿಯಾಗುತ್ತೆ. ಅಕ್ಕಪಕ್ಕದ ಚಂದ್ರರಾದ ಯೂರೋಪಾ, ಗ್ಯಾನಿಮೀಡ್ ಎಳೆಯೋದ್ರಿಂದ ಐಯೋ ಕಕ್ಷೆ ದುಂಡಗಾಗೋದೇ ಇಲ್ಲ. ಗುರುವಿನ ಹತ್ತಿರ ಬಂದಾಗ ಸೆಳೆತ ಜಾಸ್ತಿ, ದೂರ ಹೋದಾಗ ಕಮ್ಮಿ. ಸುಮಾರು 42 ಗಂಟೆಗೊಂದು ಸುತ್ತು. ಪ್ರತಿ ಸುತ್ತಿನಲ್ಲೂ ಐಯೋ ಹಿಗ್ಗಿ ಕುಗ್ಗಿ ಒಳಗೇ ಕಾಯುತ್ತೆ. ಪೀಲ್, ಕ್ಯಾಸೆನ್, ರೆನಾಲ್ಡ್ಸ್ ಅನ್ನೋ ಮೂವರು ವಿಜ್ಞಾನಿಗಳು ಇದನ್ನ ಲೆಕ್ಕ ಹಾಕಿ, ವಾಯೇಜರ್ ತಲುಪೋ ಕೆಲವೇ ದಿನ ಮುಂಚೆ ಪ್ರಕಟಿಸಿದ್ರು.

ಅಂದ್ರೆ, ಚಿಕ್ಕದು, ಸೂರ್ಯನಿಂದ ದೂರ ಅಂತ ಯಾವ ಲೋಕವನ್ನೂ ಸತ್ತಿದೆ ಅನ್ನೋ ಹಾಗಿಲ್ಲ. ಯೂರೋಪಾದ ಮಂಜಿನ ಕೆಳಗೆ ಕಡಲಿದ್ದೀತು ಅನ್ನೋ ನಂಬಿಕೆಗೂ ಇದೇ ಶಾಖ ಆಧಾರ. 2024ರಲ್ಲಿ ಹೊರಟ ಯೂರೋಪಾ ಕ್ಲಿಪ್ಪರ್ ನೌಕೆಯ ಗುರಿ ಅದೇ ಚಂದ್ರ. ಮುಂದಿನ ಸಂಚಿಕೆಯಲ್ಲಿ ಸಿಗೋಣ.